ಮೆಟ್ಟು ಹೊಲಿದವರು ಓದಿದ ಪುಸ್ತಕ

ಪುಸ್ತಕ ಯಾರ ಸೊತ್ತು? ಈ ಪ್ರಶ್ನೆ ನಮ್ಮ ಜನಕ್ಕೆ ಹೊಸದಲ್ಲ. ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾದ ಸೀಸ ಹೊಯ್ಯಿರಿ ಅಂತ ಧರ್ಮಸೂತ್ರ ಬರೆದಿಟ್ಟ ನಾಡು ಇದು. ಶೂದ್ರನ ಗತಿಯೇ ಹೀಗಾದರೆ ಊರಾಚೆಯ ಕೇರಿಯವನ ಪಾಡು ಕೇಳುವುದೇ ಬೇಡ. ಓದುವವನೊಬ್ಬ, ಅರ್ಥ ಹೇಳುವವನೂ ಅವನೇ, ಕೇಳಿ ತಲೆ ಬಗ್ಗಿಸುವವನು ಮಾತ್ರ ಬೇರೆಯವನು. ಇದು ಒಂದು ಧರ್ಮದ ಕಥೆಯಲ್ಲ. ಎಲ್ಲೆಲ್ಲಿ ಧರ್ಮಗ್ರಂಥ ಇದೆಯೋ ಅಲ್ಲೆಲ್ಲ ಅದನ್ನು ಹಿಡಿದು ಕೂತ ಕೈ ಒಂದಿದೆ.

ಆ ಕೈಯಿಂದ ಪುಸ್ತಕವನ್ನು ಕಿತ್ತುಕೊಂಡು ಎಲ್ಲರ ಮಡಿಲಿಗೆ ಹಾಕುತ್ತೇವೆ ಅಂತ ಹೊರಟವರ ಚರಿತ್ರೆಯೊಂದಿದೆ. ಅವರನ್ನು ಬ್ಯಾಪ್ಟಿಸ್ಟರು ಅಂತ ಕರೀತಾರೆ. ಕ್ರೈಸ್ತರಲ್ಲಿ ಅದೊಂದು ಪಂಗಡ. ಆ ಚರಿತ್ರೆಯನ್ನು ನಾವು ಇಲ್ಲಿ ನೋಡಬೇಕಾದದ್ದು ಭಕ್ತಿಗಾಗಿ ಅಲ್ಲ, ದ್ವೇಷಕ್ಕಾಗಿಯೂ ಅಲ್ಲ. ತುಳಿಸಿಕೊಂಡ ಜನ ಪುಸ್ತಕ ಓದಿದಾಗ ಏನಾಯಿತು, ಓದಿದ ಮೇಲೂ ಏನು ಆಗಲಿಲ್ಲ ಅನ್ನುವ ಲೆಕ್ಕಕ್ಕಾಗಿ.

ಮೊದಲು ಅವರ ತತ್ವ ಏನೆಂದು ತಿಳಿಯೋಣ. ಹುಟ್ಟಿದ ಮಗುವಿನ ತಲೆಗೆ ನೀರು ಚಿಮುಕಿಸಿ ಕ್ರೈಸ್ತ ಅಂತ ಬರೆದುಕೊಳ್ಳುವುದು ಯುರೋಪಿನ ಸರ್ಕಾರೀ ಚರ್ಚುಗಳ ಪದ್ಧತಿ. ಅಂದರೆ ಹುಟ್ಟಿನಿಂದಲೇ ಧರ್ಮ. ಬ್ಯಾಪ್ಟಿಸ್ಟರು ಇದನ್ನು ಒಪ್ಪಲಿಲ್ಲ. ಬುದ್ಧಿ ಬಂದ ಮನುಷ್ಯ ತನ್ನ ಬಾಯಿಂದಲೇ ನಂಬಿಕೆ ಹೇಳಬೇಕು, ಆಮೇಲೆ ನೀರಲ್ಲಿ ಪೂರಾ ಮುಳುಗಿ ಏಳಬೇಕು. ಇದು ಅವರ ದೀಕ್ಷಾಸ್ನಾನ. ಅವನಿಗೂ ದೇವರಿಗೂ ನಡುವೆ ಪೂಜಾರಿ ಬೇಡ, ಬಿಷಪ್ಪು ಬೇಡ, ರಾಜ ಬೇಡ. ಬೈಬಲ್ಲನ್ನು ಪ್ರತಿಯೊಬ್ಬನೂ ಓದಬಹುದು, ಅರ್ಥ ಮಾಡಬಹುದು. ಒಂದೊಂದು ಊರಿನ ಸಭೆಯೂ ತನ್ನ ಕಾಲ ಮೇಲೆ ತಾನು ನಿಲ್ಲಬಹುದು. ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಗುಡಿಯ ಪೂಜಾರಿಯನ್ನು ಆಚೆಗಿಟ್ಟ ಮಾದಾರ ಚೆನ್ನಯ್ಯನ ನಾಡಿನವರಿಗೆ ಈ ಮಾತು ತೀರ ಪರಕೀಯ ಅನ್ನಿಸಬೇಕಾಗಿಲ್ಲ.

ಇಷ್ಟು ಹೇಳಿದ್ದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಅವರಿಗಿಂತ ಮೊದಲು ಇದೇ ಮಾತು ಹೇಳಿದ ಫೆಲಿಕ್ಸ್ ಮಾನ್ಜ್ ಎಂಬವನನ್ನು 1527ರ ಜನವರಿಯಲ್ಲಿ ಸ್ವಿಟ್ಜರ್‌ಲೆಂಡಿನ ಜೂರಿಕ್ ನಗರದವರು ನದಿಯಲ್ಲಿ ಮುಳುಗಿಸಿ ಕೊಂದರು. ನೀರು ಬೇಕೆಂದವನಿಗೆ ನೀರೇ ಶಿಕ್ಷೆ! 1612ರಲ್ಲಿ ಇಂಗ್ಲೆಂಡಿನ ಥಾಮಸ್ ಹೆಲ್ವಿಸ್, ರಾಜನೂ ಸಾಯುವ ಮನುಷ್ಯನೇ, ದೇವರಲ್ಲ, ಪ್ರಜೆಯ ಆತ್ಮದ ಮೇಲೆ ಅವನಿಗೆ ಅಧಿಕಾರ ಇಲ್ಲ ಅನ್ನುವ ಅರ್ಥದಲ್ಲಿ ಪುಸ್ತಕ ಬರೆದು ಒಂದನೆಯ ಜೇಮ್ಸ್ ದೊರೆಗೇ ಕಳಿಸಿಕೊಟ್ಟ. ದೊರೆಯ ಉತ್ತರ ಸೆರೆಮನೆ. ಹೊರಗೆ ಬರಲಿಲ್ಲ, ಅಲ್ಲೇ ಸತ್ತ. ಪಾತ್ರೆಗಳ ತೂತು ಮುಚ್ಚುತ್ತ ಊರೂರು ತಿರುಗುತ್ತಿದ್ದ ಜಾನ್ ಬನಿಯನ್ ಅಪ್ಪಣೆ ಇಲ್ಲದೆ ಬೋಧನೆ ಮಾಡಿದ ಅಂತ 1660ರಿಂದ ಹನ್ನೆರಡು ವರ್ಷ ಜೈಲಿನಲ್ಲಿದ್ದ. ಕನ್ನಡಕ್ಕೆ 'ಯಾತ್ರಿಕನ ಸಂಚಾರ' ಎಂಬ ಹೆಸರಲ್ಲಿ ಬಂದ ಪುಸ್ತಕ ಈ ಕಲಾಯಿಗಾರನದೇ.

ಅವರಲ್ಲೊಬ್ಬ ಮೆಟ್ಟು ಹೊಲಿಯುವವನೂ ಇದ್ದ. ಅವನ ಹೆಸರು ವಿಲಿಯಂ ಕೇರಿ. ಇಂಗ್ಲೆಂಡಿನ ಹಳ್ಳಿಯೊಂದರ ಬಡ ನೇಕಾರನ ಮಗ. 1793ರಲ್ಲಿ ಬಂಗಾಳಕ್ಕೆ ಬಂದ. 1800ರಲ್ಲಿ ಸೆರಾಂಪುರದಲ್ಲಿ ಅಚ್ಚಿನ ಮನೆ ತೆರೆದ. 1817ರಲ್ಲಿ ಅಲ್ಲಿಂದಲೇ ಅವನ ಕನ್ನಡ ವ್ಯಾಕರಣ ಅಚ್ಚಾಗಿ ಬಂತು. ಅವನ ಬಗ್ಗೆ ಒಂದು ಮಾತಿದೆ. ದೊಡ್ಡವರ ಔತಣದಲ್ಲಿ ಯಾರೋ ಅಧಿಕಾರಿ ಕೊಂಕಿನಿಂದ, ಈ ಕೇರಿ ಹಿಂದೆ ಮೆಟ್ಟು ಮಾಡುತ್ತಿದ್ದನಂತೆ ಅಲ್ವಾ ಅಂದನಂತೆ. ಕೇರಿ ಎದ್ದು, ಇಲ್ಲ ಸ್ವಾಮಿ, ಅಷ್ಟು ದೊಡ್ಡವನಲ್ಲ, ಹರಿದ ಮೆಟ್ಟು ಹೊಲಿದು ಕೊಡುತ್ತಿದ್ದೆ ಅಷ್ಟೆ ಅಂದನಂತೆ.

ಈ ಸೆರಾಂಪುರದ ಸಭೆಯಲ್ಲಿ 1800ರ ಡಿಸೆಂಬರಿನಲ್ಲಿ ಮೊದಲು ನೀರಿಗಿಳಿದವನು ಕೃಷ್ಣ ಪಾಲ್ ಎಂಬ ಬಡಗಿ. ಜಾತಿ ಇಟ್ಟುಕೊಂಡು ಒಳಗೆ ಬರುವಂತಿಲ್ಲ, ಒಂದೇ ಪಂಕ್ತಿಯಲ್ಲಿ ಊಟ ಅನ್ನುವುದು ಸಭೆಯ ಕಟ್ಟು. 1803ರಲ್ಲಿ ಆ ಬಡಗಿಯ ಮಗಳಿಗೂ ಬ್ರಾಹ್ಮಣನಾಗಿದ್ದ ಒಬ್ಬ ಯುವಕನಿಗೂ ಮದುವೆ ಆಯಿತು. ಹರಳಯ್ಯ–ಮಧುವರಸರ ಮಕ್ಕಳ ಮದುವೆ ಕಲ್ಯಾಣದಲ್ಲಿ ಎಷ್ಟು ರಕ್ತ ಹರಿಸಿತು ಅಂತ ಬಲ್ಲ ನಮಗೆ ಈ ಮದುವೆಯ ತೂಕ ಗೊತ್ತು. ಹಾಗಾದರೆ ಪುಸ್ತಕ ಕೈಗೆ ಬಂತು, ಕಥೆ ಮುಗೀತು, ಬಿಡುಗಡೆ ಆಯ್ತು ಅನ್ನಬಹುದಾ?

ಇಲ್ಲ. ಅದೇ ಬ್ಯಾಪ್ಟಿಸ್ಟರು, ಅದೇ ಪುಸ್ತಕ. ಸಮುದ್ರದ ಆಚೆ ನೋಡಿ.

ಅಮೆರಿಕದ ದಕ್ಷಿಣ ಸೀಮೆಯಲ್ಲಿ ಹತ್ತಿಯ ಹೊಲ, ಹೊಲದಲ್ಲಿ ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಅಲ್ಲಿ ಮೊದಲು ಎದ್ದ ಪ್ರಶ್ನೆ ಏನು ಗೊತ್ತೇ? ದೀಕ್ಷಾಸ್ನಾನ ಮಾಡಿಸಿದರೆ ಗುಲಾಮ ಬಿಡುಗಡೆ ಆಗಿಬಿಡುತ್ತಾನಾ? ಒಬ್ಬ ಕ್ರೈಸ್ತ ಇನ್ನೊಬ್ಬ ಕ್ರೈಸ್ತನನ್ನು ಕೊಳ್ಳಬಹುದಾ? ವರ್ಜೀನಿಯಾದ ಧಣಿಗಳ ಸಭೆ 1667ರಲ್ಲಿ ಕಾಯಿದೆ ಮಾಡಿ ಈ ಗೊಂದಲ ಪರಿಹರಿಸಿಕೊಂಡಿತು: ಸ್ನಾನದಿಂದ ಗುಲಾಮನ ಸ್ಥಿತಿ ಬದಲಾಗುವುದಿಲ್ಲ. ಆತ್ಮ ಸ್ವರ್ಗಕ್ಕೆ, ಮೈ ಧಣಿಗೆ. ಆಗ ಅಲ್ಲಿ ಅಧಿಕಾರದಲ್ಲಿದ್ದದ್ದು ಇಂಗ್ಲೆಂಡಿನ ಸರ್ಕಾರೀ ಚರ್ಚು. ನೂರಾರು ವರ್ಷದ ಮೇಲೆ, ಒಂದು ಕಾಲಕ್ಕೆ ತಾವೇ ಜೈಲು ಕಂಡಿದ್ದ ಬ್ಯಾಪ್ಟಿಸ್ಟರು ದಕ್ಷಿಣದಲ್ಲಿ ಬೆಳೆದು ಧಣಿಗಳಾದರು. ಅವರ ಬೋಧಕರೂ ಗುಲಾಮರನ್ನು ಕೊಂಡರು. ಸೌತ್ ಕೆರೊಲಿನಾದ ಬ್ಯಾಪ್ಟಿಸ್ಟ್ ಮುಖಂಡ ರಿಚರ್ಡ್ ಫರ್ಮನ್ 1822ರ ಕೊನೆಗೆ, ಗುಲಾಮರನ್ನು ಇಟ್ಟುಕೊಳ್ಳುವ ಹಕ್ಕಿಗೆ ಧರ್ಮಗ್ರಂಥದ ಆಧಾರ ಇದೆ ಅಂತ ರಾಜ್ಯಪಾಲನಿಗೇ ಬರೆದುಕೊಟ್ಟ.

ಅವರು ಸುಳ್ಳು ಪುಸ್ತಕ ಓದಲಿಲ್ಲ. ಇದನ್ನು ನಾವು ಮುಚ್ಚಿಡಬಾರದು. ಗುಲಾಮರು ಧಣಿಗಳಿಗೆ ವಿಧೇಯರಾಗಿರಲಿ ಅನ್ನುವ ಮಾತು ಪೌಲನ ಹೆಸರಿನ ಪತ್ರಗಳಲ್ಲಿ ಇದೆ. ನೋಹ ತನ್ನ ಮೊಮ್ಮಗ ಕಾನಾನನಿಗೆ ದಾಸನಾಗು ಅಂತ ಶಾಪ ಕೊಟ್ಟ ಕಥೆ ಆದಿಕಾಂಡದಲ್ಲಿ ಇದೆ. ಆ ಶಾಪವನ್ನು ತಂದು ಆಫ್ರಿಕದ ಇಡೀ ಕಪ್ಪು ಜನರ ಹಣೆಗೆ ಅಂಟಿಸಿದ್ದು ಮಾತ್ರ ಅವರ ಕೈಚಳಕ. ಕಥೆಯಲ್ಲಿ ಚರ್ಮದ ಬಣ್ಣದ ಮಾತೇ ಇಲ್ಲ. ನಮ್ಮಲ್ಲಿ ಪುರುಷಸೂಕ್ತದ ಪಾದವನ್ನು ತೋರಿಸಿ ನೀನು ಕಾಲಿಂದ ಹುಟ್ಟಿದವನು ಅಂದ ಹಾಗೆಯೇ ಇದು. ಹುಟ್ಟಿನ ಜಾತಕವನ್ನು ಗ್ರಂಥದಲ್ಲಿ ಹುಡುಕಿ, ದುಡಿಮೆಯನ್ನು ಹೊಲದಲ್ಲಿ ಕಿತ್ತುಕೊಳ್ಳುವ ಉಪಾಯ.

ಧಣಿಗಳಿಗೆ ಪುಸ್ತಕದ ಭಯವೂ ಇತ್ತು. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸ್ ಗುಲಾಮರಿಗಾಗಿಯೇ ಒಂದು ಬೈಬಲ್ಲು ಅಚ್ಚಾಯಿತು. ಅದು ಬ್ಯಾಪ್ಟಿಸ್ಟರದಲ್ಲ, ಸರ್ಕಾರೀ ಚರ್ಚಿನವರದು. ಅದರಲ್ಲಿ ಇಸ್ರಾಯೇಲಿನ ಗುಲಾಮರು ಐಗುಪ್ತದ ಫರೋಹನ ಕೈಯಿಂದ ತಪ್ಪಿಸಿಕೊಂಡು ಹೊರಟ ಭಾಗವನ್ನೇ ಕಿತ್ತು ಹಾಕಿದ್ದರು. ಆ ಭಾಗಕ್ಕೆ ನಮ್ಮ ಕನ್ನಡ ಬೈಬಲ್ಲಿನಲ್ಲಿ ಇರುವ ಹೆಸರು ನೋಡಿ: ವಿಮೋಚನಕಾಂಡ. ಬಿಡುಗಡೆಯ ಕಾಂಡ! ಅದನ್ನು ಕಿತ್ತವರಿಗೆ ಅದರ ಅರ್ಥ ಚೆನ್ನಾಗಿ ಗೊತ್ತಿತ್ತು.

ಪುಟ ಕಿತ್ತರೆ ಓದು ನಿಲ್ಲುತ್ತದೆಯೇ? ಕೇರಿ ಬಂಗಾಳಕ್ಕೆ ಬರುವುದಕ್ಕೆ ಹತ್ತು ವರ್ಷ ಮೊದಲೇ, ಗುಲಾಮನಾಗಿದ್ದು ಬಿಡುಗಡೆಯಾಗಿದ್ದ ಜಾರ್ಜ್ ಲೈಲ್ ಎಂಬ ಕಪ್ಪು ಬೋಧಕ ಜಮೈಕಾ ದ್ವೀಪಕ್ಕೆ ಹೋಗಿ ಗುಲಾಮರ ಸಭೆ ಕಟ್ಟಿದ್ದ. ಹೊರದೇಶಕ್ಕೆ ಹೋದ ಮೊದಲ ಬ್ಯಾಪ್ಟಿಸ್ಟ್ ಮಿಷನರಿ ಯಾರು ಅಂತ ಕೇಳಿದರೆ ಬಿಳಿಯ ಕೇರಿಯ ಹೆಸರೇ ಬಾಯಿಗೆ ಬರುತ್ತದೆ. ಲೈಲನ ಹೆಸರು ಹಿಂದೆ ಉಳಿಯುತ್ತದೆ. ಚರಿತ್ರೆ ಬರೆಯುವ ಕೈಗೂ ಬಣ್ಣ ಇರುತ್ತದೆ.

ಆ ಜಮೈಕಾದಲ್ಲೇ ಸ್ಯಾಮ್ ಶಾರ್ಪ್ ಎಂಬ ಗುಲಾಮ ಇದ್ದ. ಬ್ಯಾಪ್ಟಿಸ್ಟ್ ಸಭೆಯ ಹಿರಿಯ. ಓದು ಬರಹ ಬಲ್ಲವನು. ಬೈಬಲ್ಲು ಓದುತ್ತಿದ್ದ, ಪತ್ರಿಕೆಯನ್ನೂ ಓದುತ್ತಿದ್ದ. ಎರಡನ್ನೂ ಓದಿ ಅವನು ಕಂಡುಕೊಂಡದ್ದು ಇಷ್ಟೇ: ಬಿಳಿಯನಿಗೆ ಕಪ್ಪು ಮನುಷ್ಯನನ್ನು ಕಟ್ಟಿಹಾಕುವ ಹಕ್ಕಿಲ್ಲ, ಕ್ರಿಸ್‌ಮಸ್ ರಜೆ ಮುಗಿದ ಮೇಲೆ ಕೂಲಿ ಕೊಡದಿದ್ದರೆ ಕಬ್ಬು ಕಡಿಯುವುದು ಬೇಡ. ಅದು ಮುಷ್ಕರದ ಯೋಚನೆ. 1831ರ ಡಿಸೆಂಬರ್ 27ರ ರಾತ್ರಿ ತೋಟಗಳಿಗೆ ಬೆಂಕಿ ಬಿತ್ತು. ಹತ್ತಾರು ಸಾವಿರ ಗುಲಾಮರು ಎದ್ದರು. ಸತ್ತ ಬಿಳಿಯರು ಹದಿನಾಲ್ಕು. ಆಮೇಲೆ ವಿಚಾರಣೆಯ ನಾಟಕ ಆಡಿ ಮುನ್ನೂರಕ್ಕೂ ಹೆಚ್ಚು ಗುಲಾಮರನ್ನು ಕೊಂದರು. ಬ್ಯಾಪ್ಟಿಸ್ಟ್ ಗುಡಿಗಳನ್ನು ಬಿಳಿಯರೇ ಸುಟ್ಟರು. 1832ರ ಮೇ 23ರಂದು ಶಾರ್ಪನನ್ನು ನೇಣಿಗೆ ಹಾಕಿದರು. ಮರುವರ್ಷವೇ ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿ ರದ್ದು ಮಾಡುವ ಕಾಯಿದೆ ಪಾಸು ಮಾಡಬೇಕಾಯಿತು. ಆ ದಂಗೆಯನ್ನು ಚರಿತ್ರೆಯಲ್ಲಿ ಬ್ಯಾಪ್ಟಿಸ್ಟರ ಯುದ್ಧ ಅಂತಲೇ ಕರೀತಾರೆ.

ಇಲ್ಲಿ ಒಂದು ಮಾತು ಗಮನಿಸಿ. ಧಣಿಯ ವ್ಯಾಖ್ಯಾನ ಕಾಗದದ ಮೇಲೆ ಇದೆ, ಅಚ್ಚಾಗಿದೆ, ಅದಕ್ಕೆ ಬಟ್ಟೆಯ ಹೊದಿಕೆ ಇದೆ. ಗುಲಾಮನ ವ್ಯಾಖ್ಯಾನ ಎಲ್ಲಿದೆ? ಅದು ಅವನು ಕೆಳಗಿಟ್ಟ ಮಚ್ಚಿನಲ್ಲಿದೆ. ನಾಳೆ ಕಬ್ಬು ಕಡಿಯೋದಿಲ್ಲ ಅಂದ ಬಾಯಲ್ಲಿದೆ. ತುಳಿಸಿಕೊಂಡವರು ಗ್ರಂಥಕ್ಕೆ ಅರ್ಥ ಹೇಳುವುದು ಭಾಷ್ಯ ಬರೆದಲ್ಲ; 'ಒಲ್ಲೆ' ಅಂತ ಹೇಳಿ.

ಓದು ಬಾರದವರೂ ಹೀಗೆ ಅರ್ಥ ಹೇಳಬಲ್ಲರು. ಹೊವರ್ಡ್ ಥರ್ಮನ್ ಅಂತ ಒಬ್ಬ ಕಪ್ಪು ಬ್ಯಾಪ್ಟಿಸ್ಟ್ ಚಿಂತಕ. 1936ರಲ್ಲಿ ಇಂಡಿಯಾಕ್ಕೆ ಬಂದು ಗಾಂಧಿಯನ್ನು ಕಂಡು ಮಾತಾಡಿ ಹೋದವನು. ಅವನ ಅಜ್ಜಿ ಗುಲಾಮಳಾಗಿ ಹುಟ್ಟಿದವಳು. ಅವಳಿಗೆ ಓದು ಬಾರದು. ಮೊಮ್ಮಗ ಬೈಬಲ್ಲು ಓದಿ ಹೇಳಬೇಕು. ಆದರೆ ಪೌಲನ ಪತ್ರಗಳನ್ನು ಮಾತ್ರ ಓದಗೊಡುತ್ತಿರಲಿಲ್ಲ. ಪ್ರೀತಿಯ ವಿಚಾರದ ಒಂದು ಅಧ್ಯಾಯ ಮಾತ್ರ ಯಾವಾಗಲಾದರೊಮ್ಮೆ ಆಗಬಹುದು. ಯಾಕಜ್ಜಿ ಅಂತ ಬಹಳ ವರ್ಷದ ಮೇಲೆ ಕೇಳಿದಾಗ ಅವಳು ಹೇಳಿದ್ದು: ಧಣಿಯ ಪಾದ್ರಿ ಬಂದಾಗಲೆಲ್ಲ ಪೌಲನದೇ ಮಾತು ತೆಗೆದು ಗುಲಾಮರೇ ಧಣಿಗೆ ತಗ್ಗಿ ನಡೀರಿ ಅನ್ನುತ್ತಿದ್ದ, ಬಿಡುಗಡೆ ಆದರೆ, ಓದು ಬಂದರೆ, ಆ ಭಾಗ ಮಾತ್ರ ಓದಬಾರದು ಅಂತ ಅಂದೇ ನಿಶ್ಚಯ ಮಾಡಿದ್ದೆ. ಯಾವ ಪುಟದಲ್ಲಿ ದೇವರ ಮಾತಿದೆ, ಯಾವುದರಲ್ಲಿ ಧಣಿಯ ಮಾತಿದೆ ಅಂತ ತೂಗಿ ನೋಡಲು ಆ ಮುದುಕಿಗೆ ಅಕ್ಷರವೂ ಬೇಕಾಗಲಿಲ್ಲ. ಬೆನ್ನ ಮೇಲಿನ ಬಾಸುಂಡೆ ಸಾಕಾಯಿತು.

ಇನ್ನು 1845. ಗುಲಾಮರನ್ನು ಇಟ್ಟುಕೊಂಡವನನ್ನು ಮಿಷನರಿ ಮಾಡಬಹುದೇ ಅನ್ನುವ ಜಗಳದಲ್ಲಿ ಅಮೆರಿಕದ ಬ್ಯಾಪ್ಟಿಸ್ಟರು ಎರಡು ಹೋಳಾದರು. ದಕ್ಷಿಣದವರು ಮೇ ತಿಂಗಳಲ್ಲಿ ಜಾರ್ಜಿಯಾದ ಆಗಸ್ಟಾದಲ್ಲಿ ಸೇರಿ ತಮ್ಮದೇ ಕೂಟ ಕಟ್ಟಿದರು. ಅದೇ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಶನ್. ಅದು ತನ್ನ ಹುಟ್ಟಿನ ಪಾಪಕ್ಕೆ ಕ್ಷಮೆ ಕೇಳಿದ್ದು 1995ರಲ್ಲಿ. ನೂರೈವತ್ತು ವರ್ಷ ಬೇಕಾಯಿತು! ಅವರ ದೊಡ್ಡ ವಿದ್ಯಾಪೀಠವನ್ನು ಕಟ್ಟಿದ ನಾಲ್ವರು ಗುರುಗಳೂ ಸೇರಿ ಐವತ್ತಕ್ಕೂ ಹೆಚ್ಚು ಗುಲಾಮರ ಒಡೆಯರಾಗಿದ್ದರು ಅಂತ ಆ ವಿದ್ಯಾಪೀಠವೇ 2018ರಲ್ಲಿ ವರದಿ ಹೊರಡಿಸಿತು.

ಹೋಳಾದ ಉತ್ತರದ ಭಾಗಕ್ಕೂ ನಮ್ಮ ನೆರೆಯ ತೆಲುಗು ನಾಡಿಗೂ ನಂಟಿದೆ. ಇಲ್ಲಿಂದ ಕಥೆ ನಮ್ಮ ಮನೆಯ ಹಿತ್ತಲಿಗೇ ಬರುತ್ತದೆ.

ಆ ಉತ್ತರದವರು ನೆಲ್ಲೂರಿನಲ್ಲಿ ಒಂದು ಮಿಷನ್ ನಡೆಸುತ್ತಿದ್ದರು. ವರ್ಷಗಟ್ಟಲೆ ದುಡಿದರೂ ಜನ ಸೇರಲಿಲ್ಲ. 1853ರಲ್ಲಿ ಅದನ್ನು ಮುಚ್ಚಿಬಿಡೋಣ ಎಂಬ ಮಾತೂ ಬಂತು. ಅವರ ಕಣ್ಣೆಲ್ಲ ಊರೊಳಗಿನ ಬೀದಿಯ ಮೇಲಿತ್ತು. ಆದರೆ ಬಾಗಿಲು ತೆರೆದದ್ದು ಕೇರಿಯಿಂದ. ತಾಳ್ಳಕೊಂಡಪಾಡು ಎಂಬ ಹಳ್ಳಿಯ ಯರ್ರಗುಂಟ್ಲ ಪೇರಯ್ಯ ಮಾದಿಗರವನು. ಚರ್ಮದ ವ್ಯಾಪಾರ ಅವನದು. ಮೊದಲೇ ಯೋಗಮಾರ್ಗ ಹಿಡಿದಿದ್ದವನು, ವೀರಮ್ಮ ಎಂಬ ಹೆಣ್ಣು ಗುರುವಿನ ಬಳಿ ಕಲಿತಿದ್ದವನು. ಅಂದರೆ ಖಾಲಿ ಮಡಕೆಗೆ ಬಿಳಿಯ ಬಂದು ನೀರು ಹೊಯ್ದದ್ದಲ್ಲ. ಮಾದಿಗರ ಕೇರಿಯಲ್ಲಿ ಹುಡುಕಾಟ ಮೊದಲೇ ಇತ್ತು. 1866ರಲ್ಲಿ ಅವನು ದೀಕ್ಷೆ ಪಡೆದ. ಅದೇ ವರ್ಷ ಜಾನ್ ಎವರೆಟ್ ಕ್ಲೌ ಎಂಬ ಅಮೆರಿಕದವನು ಒಂಗೋಲಿಗೆ ಬಂದು ನೆಲೆಸಿದ. 1867ರ ಜನವರಿ 1ರಂದು ಒಂಗೋಲಿನ ಸಭೆ ಎಂಟೇ ಜನರಿಂದ ಶುರುವಾಯಿತು.

ಆಗ ಒಂದು ಇಕ್ಕಟ್ಟು ಬಂತು. ಒಂಗೋಲಿನ ಮೇಲ್ಜಾತಿಯವರು ಕ್ಲೌ ಬಗ್ಗೆ ಗೌರವ ಇಟ್ಟಿದ್ದರು, ಮಕ್ಕಳನ್ನು ಅವನ ಶಾಲೆಗೂ ಕಳಿಸಿದ್ದರು. ಮಾದಿಗರು ಬರತೊಡಗಿದ್ದೇ ತಡ, ಅವರನ್ನು ಸೇರಿಸಿದರೆ ನಾವಿಲ್ಲ ಅಂದರು. ಯಾರನ್ನು ಇಟ್ಟುಕೊಳ್ಳೋದು, ಯಾರನ್ನು ಬಿಡೋದು? ಕ್ಲೌ ಹೇಳಿಕೊಂಡ ಪ್ರಕಾರ ಅವನೂ ಅವನ ಹೆಂಡತಿಯೂ ಬೇರೆ ಬೇರೆ ಕೋಣೆಯಲ್ಲಿ ಬೈಬಲ್ಲು ತೆರೆದರು. ಇಬ್ಬರಿಗೂ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಒಂದೇ ಭಾಗ ಕಣ್ಣಿಗೆ ಬಿತ್ತು. ಲೋಕ ಕೀಳೆಂದು ತಳ್ಳಿದವರನ್ನೇ ದೇವರು ಆರಿಸಿಕೊಂಡ ಅನ್ನುವ ಭಾಗ. ಪವಾಡ ಅನ್ನುವವರು ಅನ್ನಲಿ. ನಮಗೆ ಬೇಕಾದ್ದು ಬೇರೆ. ಅದನ್ನು ಬರೆದವನು ಅದೇ ಪೌಲ! ಥರ್ಮನ್ನನ ಅಜ್ಜಿ ಮುಚ್ಚಿಸಿದ ಪೌಲನ ಪತ್ರಗಳಲ್ಲೇ ಮಾದಿಗರಿಗೆ ಬಾಗಿಲು ತೆರೆಯುವ ಮಾತೂ ಇತ್ತು. ಮಾತು ಅಷ್ಟರಿಂದಲೇ ಮೇಲಾಗಲೀ ಕೀಳಾಗಲೀ ಆಗುವುದಿಲ್ಲ. ಯಾರನ್ನು ಕಣ್ಣ ಮುಂದೆ ಇಟ್ಟುಕೊಂಡು ಓದುತ್ತೀರಿ ಅನ್ನುವುದು ಮುಖ್ಯ.

ಒಂಗೋಲಿನ ಸಭೆ ಸೇರುವ ಮಾದಿಗರಿಗೆ ಮೂರು ಕಟ್ಟಳೆ ಇತ್ತು. ಭಾನುವಾರ ಕೆಲಸ ಮಾಡಬೇಡ. ಸತ್ತ ದನ ತಿನ್ನಬೇಡ. ವಿಗ್ರಹಕ್ಕೆ ನಡೆದುಕೊಳ್ಳಬೇಡ. ಪಟ್ಟಣದಲ್ಲಿ ಕೂತು ಓದಿದರೆ ಇದು ಮಡಿವಂತಿಕೆಯ ಪಟ್ಟಿ ಹಾಗೆ ಕಾಣುತ್ತದೆ. ಕೇರಿಯಲ್ಲಿ ನಿಂತು ಓದಿ. ಭಾನುವಾರ ಕೆಲಸ ಇಲ್ಲ ಅಂದರೆ ರೆಡ್ಡಿ ಕೂಗಿದ ದಿನ ಬಿಟ್ಟಿ ಚಾಕರಿಗೆ ಬರೋದಿಲ್ಲ ಅಂತ ಅರ್ಥ. ಸತ್ತ ದನ ತಿನ್ನೋಲ್ಲ ಅಂದರೆ ನಿಮ್ಮ ಕೊಟ್ಟಿಗೆಯ ಹೆಣ ನಮ್ಮ ಅನ್ನ ಅಲ್ಲ ಅಂತ ಅರ್ಥ. ವಿಗ್ರಹಕ್ಕೆ ನಡೆದುಕೊಳ್ಳೋಲ್ಲ ಅಂದರೆ ಜಾತ್ರೆಗೆ ತಮಟೆ ಹೊಡೆಯೋದಿಲ್ಲ ಅಂತ ಅರ್ಥ. ಈ ಮೂರೂ ಊರಿನ ಯಜಮಾನಿಕೆಯ ಬುಡಕ್ಕೇ ಇಟ್ಟ ಕೊಡಲಿ. ಕರಣಂ, ಮುನಸೀಫ, ರೆಡ್ಡಿ ಎಲ್ಲರೂ ಸಿಟ್ಟಿಗೆದ್ದರು. ಬಾವಿ ಮುಚ್ಚಿದರು. ಕೂಲಿ ತಪ್ಪಿಸಿದರು. ಹೊಡೆತ, ಸುಳ್ಳು ಮೊಕದ್ದಮೆ ಎಲ್ಲ ಬಂದವು. ಜಮೈಕಾದ ಕಬ್ಬಿನ ತೋಟದಲ್ಲಿ ಕೇಳಿದ 'ಒಲ್ಲೆ' ತೆಲುಗಿನ ಹಳ್ಳಿಯಲ್ಲಿ ಮತ್ತೆ ಕೇಳಿಸಿತು. ಹಾಗಂತ ಈ ಕಟ್ಟಳೆಯಲ್ಲಿ ನಷ್ಟವೇ ಇರಲಿಲ್ಲ ಅನ್ನಲಾಗದು. ತಮಟೆಯ ಜೊತೆಗೆ ಮಾದಿಗರ ಸ್ವಂತ ಹಾಡು, ಸ್ವಂತ ದೇವತೆಯೂ ಪಾಪದ ಪಟ್ಟಿಗೆ ಸೇರಿದವು. ಯಜಮಾನನಿಗಾಗಿ ಬಡಿಯುವ ತಮಟೆ ಬೇರೆ, ತನಗಾಗಿ ಬಡಿಯುವ ತಮಟೆ ಬೇರೆ ಅನ್ನುವ ವಿವೇಕ ಆ ಪಟ್ಟಿಗೆ ಇರಲಿಲ್ಲ.

1876ರಿಂದ 78ರವರೆಗೆ ದೊಡ್ಡ ಬರ. ನಮ್ಮ ಮೈಸೂರು ಸೀಮೆಯನ್ನೂ ನುಂಗಿದ ಬರ ಅದು. ಕ್ಲೌ ಬಕಿಂಗ್‌ಹ್ಯಾಂ ಕಾಲುವೆಯ ಮೂರೂವರೆ ಮೈಲಿ ಅಗೆತದ ಗುತ್ತಿಗೆ ಹಿಡಿದು ಹಸಿದವರಿಗೆ ಕೆಲಸ ಕೊಟ್ಟ. ಅವನ ಮಾದಿಗ ಬೋಧಕರು ಅಲ್ಲಿ ಮೇಸ್ತ್ರಿಗಳು. ದುಡಿದು ದಣಿದು ಕೂತವರಿಗೆ ಅವರು ಕಥೆ ಹೇಳಿದರು. ಆದರೆ ಅಕ್ಕಿಗಾಗಿ ಬಂದರು ಅನ್ನಿಸಬಾರದು ಅಂತ ಬರದ ಕಾಲದಲ್ಲಿ ತಿಂಗಳುಗಟ್ಟಲೆ ಯಾರಿಗೂ ದೀಕ್ಷೆ ಕೊಡಲಿಲ್ಲ. ಪರಿಹಾರದ ಕೆಲಸ ನಿಂತ ಮೇಲೆ ಜನ ಬಂದೇ ಬಂದರು. 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಜನ ನೀರಿಗಿಳಿದರು. ನೀರಲ್ಲಿ ನಿಂತು ಮುಳುಗಿಸಿದವನು ಬಿಳಿಯನಲ್ಲ. ಆರು ಜನ ತೆಲುಗು ಬೋಧಕರು, ಸರದಿಯ ಮೇಲೆ ಇಬ್ಬಿಬ್ಬರಾಗಿ.

ಅಮೆರಿಕದಲ್ಲಿ ಕೆಲವರಿಗೆ ಇದು ಜೀರ್ಣ ಆಗಲಿಲ್ಲ. ಬ್ಯಾಪ್ಟಿಸ್ಟ್ ತತ್ವದ ಪ್ರಕಾರ ಒಬ್ಬೊಬ್ಬನೂ ಒಂಟಿಯಾಗಿ ನಿಂತು ನಂಬಿಕೆ ಹೇಳಬೇಕು. ಹೀಗೆ ಕೇರಿಗೆ ಕೇರಿಯೇ ಬಂದರೆ ಅದು ನಿಜವಾದ ನಂಬಿಕೆಯೇ? ಪ್ರಶ್ನೆ ನ್ಯಾಯವಾದದ್ದು. ಆದರೆ ಹುಟ್ಟಿದ ತಪ್ಪಿಗೆ ಒಂದು ಕೇರಿಯನ್ನು ಒಟ್ಟಾಗಿ ಹೊರಗಿಟ್ಟ ದೇಶದಲ್ಲಿ ಬಿಡುಗಡೆ ಮಾತ್ರ ಒಂಟಿಯಾಗಿ ಬರಬೇಕು ಅನ್ನುವುದು ಯಾವ ನ್ಯಾಯ? ಒಟ್ಟಿಗೆ ತುಳಿಸಿಕೊಂಡವರು ಒಟ್ಟಿಗೇ ಏಳುತ್ತಾರೆ. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರ ಹಿಂದೆ ಲಕ್ಷಾಂತರ ಜನ ಬೌದ್ಧರಾದಾಗಲೂ ಇದೇ ಆಕ್ಷೇಪಣೆ ಬಂತು. ಉತ್ತರವೂ ಇದೇ.

ನೀರು ಏನೇನು ತೊಳೆಯಲಿಲ್ಲ ಅನ್ನುವುದನ್ನೂ ಹೇಳಬೇಕು. ಮಾಲ–ಮಾದಿಗರ ನಡುವಿನ ಗೋಡೆ ಉಳಿಯಿತು. ಇದು ಮಾದಿಗರ ಸಭೆ, ಅದು ಮಾಲರ ಸಭೆ ಅನ್ನುವ ಮಾತು ಯೇಸುವಿನ ಹೆಸರಲ್ಲೂ ನಡೆಯಿತು. ನಮ್ಮ ಹೊಲೆಯ–ಮಾದಿಗರ ಒಳಜಗಳ ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಶಾಲೆ ಬಂತು, ಆಸ್ಪತ್ರೆ ಬಂತು, ಕೆಲವರಿಗೆ ಮೇಷ್ಟರ ಕೆಲಸ ಸಿಕ್ಕಿತು. ಹೊಲ ಮಾತ್ರ ಯಾರ ಕೈಲಿತ್ತೋ ಅವರ ಕೈಲೇ ಉಳಿಯಿತು.

ಅದರ ಫಲ 1985ರ ಜುಲೈ 17ರಂದು ಕಂಡಿತು. ಒಂಗೋಲು ಮುಖ್ಯಪಟ್ಟಣವಾಗಿದ್ದ ಪ್ರಕಾಶಂ ಜಿಲ್ಲೆಯ ಕಾರಂಚೇಡು. ಹಿಂದಿನ ದಿನ ಮಾದಿಗರು ಕುಡಿಯುವ ಕೆರೆಯ ನೀರನ್ನು ಕಮ್ಮ ಭೂಮಾಲಿಕರ ಕಡೆಯವರು ಎಮ್ಮೆ ತೊಳೆದು ಹೊಲಸು ಮಾಡಿದರು. ತಡೆದ ಹೆಣ್ಣುಮಗಳ ಮೇಲೆ ಕೈ ಎತ್ತಿದಾಗ ಆಕೆ ಕೊಡ ಎತ್ತಿ ಎದುರು ನಿಂತಳು. ಮರುದಿನ ಕೇರಿಯ ಮೇಲೆ ದಂಡು ಬಂತು. ಆರು ಜನ ಮಾದಿಗರನ್ನು ಅಟ್ಟಾಡಿಸಿ ಕೊಂದರು. ಹೆಂಗಸರ ಮೇಲೆ ಅತ್ಯಾಚಾರ ಮಾಡಿದರು. ಉಳಿದವರು ಚೀರಾಲಕ್ಕೆ ಓಡಿದರು. ಸತ್ತವರಲ್ಲಿ ಮೋಶೆ ಎಂಬ ಹೆಸರಿನವರಿದ್ದರು. ಮೋಶೆ! ಫರೋಹನ ಕೈಯಿಂದ ಗುಲಾಮರನ್ನು ಬಿಡಿಸಿಕೊಂಡು ಹೊರಟವನ ಹೆಸರು. ವಿಮೋಚನಕಾಂಡದಿಂದ ಹೆಸರು ಬಂದಿತ್ತು, ವಿಮೋಚನೆ ಬಂದಿರಲಿಲ್ಲ.

ಈಗ ಸರ್ಕಾರದ ಪುಸ್ತಕ ಏನು ಹೇಳಿತು ನೋಡಿ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿಕೊಂಡರು. ದಲಿತ ಕ್ರೈಸ್ತರನ್ನೂ ದಲಿತ ಮುಸ್ಲಿಮರನ್ನೂ ಬಿಟ್ಟರು. ಈ ಧರ್ಮದ ಷರತ್ತು ತೆಗೆದುಹಾಕಿ ಅಂತ ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಹೇಳಿತು. 2022ರಲ್ಲಿ ಇದನ್ನೇ ಪರಿಶೀಲಿಸಲು ಇನ್ನೊಂದು ಆಯೋಗ ಮಾಡಿದರು. ವರ್ಜೀನಿಯಾದ ಧಣಿಗಳು 1667ರಲ್ಲಿ, ನೀರಿಗಿಳಿದರೂ ಏನೂ ಬದಲಾಗೋಲ್ಲ ಅಂದರು. ನಮ್ಮ ಆದೇಶ, ನೀರಿಗಿಳಿದರೆ ಎಲ್ಲ ಬದಲಾಗಿಬಿಡುತ್ತದೆ ಅಂದಿತು. ಮಾತು ಎರಡೂ ಉಲ್ಟಾ, ನಷ್ಟ ಮಾತ್ರ ಎರಡು ಕಡೆಯೂ ಕೆಳಗಿನವನಿಗೇ. ಕಾರಂಚೇಡಿನಲ್ಲಿ ಕೊಡಲಿ ಎತ್ತಿದವನು ಚರ್ಚಿನ ದೀಕ್ಷೆಯ ದಫ್ತರ ತೆರೆದು ನೋಡಿದನೇ?

ಈ ಪ್ರಶ್ನೆಯನ್ನು ದಲಿತ ಕ್ರೈಸ್ತರು ತಮ್ಮ ಸಭೆಯೊಳಗೇ ಎತ್ತಿದರು. ಕರ್ನಾಟಕದಲ್ಲಿ ದಲಿತ–ಬಂಡಾಯದ ಮಾತು ಕಾವೇರಿದ್ದ ದಿನಗಳಲ್ಲೇ, 1981ರಲ್ಲಿ, ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವತಾಶಾಸ್ತ್ರ ಬೇಕು ಅಂತ ಭಾಷಣ ಮಾಡಿದರು. ಮುಂದೆ ಅದು ದಲಿತ ದೇವತಾಶಾಸ್ತ್ರವಾಗಿ ಬೆಳೆಯಿತು. ಧರ್ಮೋಪದೇಶಕಾಂಡದಲ್ಲಿ ಹೊಸ ಬೆಳೆಯ ಬುಟ್ಟಿ ಹಿಡಿದ ರೈತ, ನನ್ನ ಹಿರಿಯ ದಿಕ್ಕಿಲ್ಲದೆ ಅಲೆದವನು, ದಾಸ್ಯದಲ್ಲಿ ನರಳಿದವನು ಅಂತ ದೇವರ ಮುಂದೆ ನೆನೆಯುವ ಭಾಗ ಇದೆ. ಅದನ್ನು ನಿರ್ಮಲ್ ದಲಿತನ ಕಣ್ಣಿಂದ ಓದಿದರು. ನಾನು ಯಾರು ಅಂತ ಹೇಳದೆ ದೇವರು ಯಾರು ಅಂತ ಹೇಳಲಾಗದು ಅನ್ನುವುದು ಆ ಓದಿನ ತಿರುಳು. ಅಮೆರಿಕದ ಬ್ಯಾಪ್ಟಿಸ್ಟ್ ಬೋಧಕ ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಕೇರಳದ ಶಾಲೆಯೊಂದಕ್ಕೆ ಹೋದಾಗ ಮುಖ್ಯೋಪಾಧ್ಯಾಯರು, ಇವರು ನಿಮ್ಮ ಹಾಗೆಯೇ ಅಮೆರಿಕದ ಅಸ್ಪೃಶ್ಯರು ಅಂತ ಮಕ್ಕಳಿಗೆ ಪರಿಚಯ ಮಾಡಿಕೊಟ್ಟರಂತೆ. ಕಿಂಗ್‌ಗೆ ಮೊದಲು ಕಸಿವಿಸಿ. ಆಮೇಲೆ, ಹೌದು, ನಾನೂ ಅಸ್ಪೃಶ್ಯನೇ ಅಂತ ಒಪ್ಪಿಕೊಂಡರು. ತನ್ನ ಜಾಗ ಯಾವುದು ಅಂತ ಗುರುತಿಸಿದ ಮೇಲೆಯೇ ಓದು ನೆಟ್ಟಗಾಗುತ್ತದೆ.

ಈ ಜಗಳ ಹಳೆಯದಾಗಿ ಮುಗಿದಿಲ್ಲ. ಗುಲಾಮಗಿರಿಗೆ ಕ್ಷಮೆ ಕೇಳಿದ ಅದೇ ಸದರ್ನ್ ಬ್ಯಾಪ್ಟಿಸ್ಟ್ ಕೂಟ 2023ರಲ್ಲಿ ಹೆಂಗಸರನ್ನು ಬೋಧಕರನ್ನಾಗಿ ಮಾಡಿದ್ದಕ್ಕೆ ಸ್ಯಾಡಲ್‌ಬ್ಯಾಕ್ ಎಂಬ ತನ್ನ ದೊಡ್ಡ ಸಭೆಯನ್ನೇ ಹೊರಗೆ ಹಾಕಿತು. ಆಧಾರ? ಮತ್ತೆ ಪೌಲನ ಪತ್ರಗಳು. ಗುಲಾಮರ ಸಾಲು ಓದಿ ತಪ್ಪಾಯಿತು ಅಂದವರು ಹೆಂಗಸರ ಸಾಲನ್ನು ಅದೇ ಕನ್ನಡಕದಲ್ಲಿ ಓದುತ್ತಾರೆ. ಸಾಲು ಬದಲಾಯಿತು, ಓದುವ ಪೀಠ ಬದಲಾಗಲಿಲ್ಲ.

ಗೆಳೆಯರೆ, ಪುಸ್ತಕ ಸುಡಬೇಕಾದಾಗ ಸುಟ್ಟವರೂ ನಮ್ಮವರೇ. 1927ರ ಮಹಾಡ್ ನಮಗೆ ಮರೆತಿಲ್ಲ. ಪುಸ್ತಕ ಕಿತ್ತುಕೊಂಡು ಓದಿದವರೂ ನಮ್ಮವರೇ. ಎರಡರಲ್ಲೂ ಇರುವುದು ಒಂದೇ ಹಕ್ಕು — ನನ್ನ ಬಗ್ಗೆ ಬರೆದದ್ದಕ್ಕೆ ಅರ್ಥ ಹೇಳುವವನು ನಾನು ಅನ್ನುವ ಹಕ್ಕು. ಬ್ಯಾಪ್ಟಿಸ್ಟರು ಆ ಹಕ್ಕನ್ನು ತತ್ವವಾಗಿ ಬರೆದರು, ಧಣಿಗಳಾದಾಗ ಮರೆತರು. ಜಮೈಕಾದ ಗುಲಾಮ, ಫ್ಲಾರಿಡಾದ ಮುದುಕಿ, ತಾಳ್ಳಕೊಂಡಪಾಡಿನ ಮಾದಿಗ ಅದನ್ನು ಮರೆಯಲಿಲ್ಲ. ಆದರೆ ಓದುವ ಹಕ್ಕು ಒಂದೇ ಸಾಲದು ಅಂತ ಕಾರಂಚೇಡಿನ ಕೆರೆ ಹೇಳಿತು. ನೀರಲ್ಲಿ ಮುಳುಗಿ ಎದ್ದವನಿಗೆ ಕುಡಿಯುವ ನೀರಿನ ಮೇಲೂ ಹಕ್ಕು ಬೇಕು. ಮೊದಲನೆಯದನ್ನು ಸಭೆ ಕೊಟ್ಟೀತು. ಎರಡನೆಯದನ್ನು ಕೊಡ ಹಿಡಿದ ಕೈಯೇ ಕೇಳಬೇಕು.